ಐಸ್ ಮೊದಲು, ಮೇಣ ಆಮೇಲೆ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ದಂಪತಿಗೆ ನಲವತ್ತರ ಮಧ್ಯದ ವಯಸ್ಸು. ಮದುವೆಯಾಗಿ ಹದಿನೇಳು ವರ್ಷ. ವಾಸ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗ, ಪಕ್ಕದ ಕೋಣೆಯಲ್ಲಿ ಆಕೆಯ ಅತ್ತೆ. ಆಕೆಗೆ ಆಫೀಸ್ ಕೆಲಸ, ಆತನಿಗೆ ಸ್ವಂತ ವ್ಯಾಪಾರ. ಆತನಿಗೆ ಹತ್ತು ವರ್ಷಕ್ಕೂ ಮೇಲ್ಪಟ್ಟು ಶುಗರ್ ಇದೆ. ಈ ಕೊನೆಯ ವಿವರ ಮುಂದೆ ಬೇಕಾಗುತ್ತದೆ.

ನಾನು ಫ್ಯಾಮಿಲಿ ಡಾಕ್ಟರ್. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಬರೆದದ್ದನ್ನು ಆಕೆ ಓದಿ ಕೆಲವು ಸಾಲು ತೆಗೆಸಿದರು, ಆತ ಒಂದು ಜೋಕ್ ಸೇರಿಸಿದರು. ಅದು ಯಾವುದು ಅಂತ ಮುಂದೆ ಗೊತ್ತಾಗುತ್ತದೆ.

ಬಂದ ದೂರು

ಆಕೆ ಬಂದದ್ದು ಸುಟ್ಟಗಾಯಕ್ಕೆ. ಬಲ ತೊಡೆಯ ಮೇಲೆ ಕೆಂಪಾಗಿತ್ತು, ಎರಡು ಕಡೆ ನೀರುಗುಳ್ಳೆ ಎದ್ದಿತ್ತು. ಆಗಿದ್ದು ಹಿಂದಿನ ರಾತ್ರಿ. "ಸಾರು ಚೆಲ್ಲಿಕೊಂಡೆ" ಅಂದರು.

ಗಾಯ ಸಾರಿನ ಕಥೆ ಹೇಳುತ್ತಿರಲಿಲ್ಲ. ಸಾರು ಚೆಲ್ಲಿದರೆ ಕೆಳಗೆ ಹರಿಯುತ್ತದೆ, ಬಟ್ಟೆ ಅದನ್ನು ಹೀರಿಕೊಂಡ ಕಡೆಯೆಲ್ಲ ಗಾಯ ಹರಡುತ್ತದೆ. ಇಲ್ಲಿ ಇದ್ದದ್ದು ಕಡಲೆಕಾಳಿನ ಗಾತ್ರದ ದುಂಡು ಗುರುತುಗಳು, ಬಿಡಿಬಿಡಿಯಾಗಿ, ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ. ಸಾಲಿನ ಕೊನೆಗೆ ನಾಣ್ಯದಗಲದ ಒಂದು ದೊಡ್ಡ ಕಲೆ. ಅಂಚಿನಲ್ಲಿ ಒಣಗಿದ ಟೂತ್‌ಪೇಸ್ಟ್. ಗಂಡ ಪಕ್ಕದಲ್ಲೇ ಕೂತಿದ್ದರು. ನಾನು ಆಕೆಯನ್ನು ಕೇಳಿದರೆ ಉತ್ತರ ಅವರಿಂದ ಬರುತ್ತಿತ್ತು.

ಹೆಂಗಸಿನ ಮೈಮೇಲೆ ಬಟ್ಟೆ ಮುಚ್ಚುವ ಜಾಗದಲ್ಲಿ ಲೆಕ್ಕವಿಟ್ಟ ಹಾಗೆ ಬಿದ್ದ ಸುಟ್ಟ ಗುರುತು, ಹೊಂದದ ಕಥೆ, ಮಧ್ಯೆ ಮಾತಾಡುವ ಗಂಡ. ಇಷ್ಟು ಕಂಡಾಗ ಡಾಕ್ಟರಿಗೆ ಮೊದಲು ಬರಬೇಕಾದ ಅನುಮಾನ ಮನೆಯೊಳಗಿನ ಹಿಂಸೆಯದ್ದು. ಡ್ರೆಸ್ಸಿಂಗ್ ಮಾಡಬೇಕು ಅಂತ ಹೇಳಿ ಆತನನ್ನು ಹೊರಗೆ ಕೂರಿಸಿದೆ. ಬಾಗಿಲು ಹಾಕಿದ ಮೇಲೆ ಆಕೆಯನ್ನು ನೇರವಾಗಿ ಕೇಳಿದೆ. ಇದನ್ನು ಯಾರಾದರೂ ನಿಮಗೆ ಮಾಡಿದ್ದಾ? ಮನೆಯಲ್ಲಿ ನಿಮಗೆ ಭಯ ಇದೆಯಾ? ನೀವು ಬೇಡ ಅಂದರೆ ಅವರು ನಿಲ್ಲಿಸುತ್ತಾರಾ?

ಮೂರನೆಯ ಪ್ರಶ್ನೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ ಅನ್ನುವುದು ನನ್ನ ಅನುಭವ. ಮೊದಲೆರಡಕ್ಕೆ ಹೌದು-ಇಲ್ಲ ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ಮೂರನೆಯದಕ್ಕೆ ಒಂದು ಉದಾಹರಣೆ ಕೊಡಬೇಕಾಗುತ್ತದೆ.

ಆಕೆ ಮುಖ ಮುಚ್ಚಿಕೊಂಡು ನಕ್ಕರು. "ಅಯ್ಯೋ ಮೇಡಂ, ಅವರು ಪಾಪ. ಐಡಿಯಾ ನಂದೇ. ಇನ್ನೂ ಹಾಕಿ ಅಂದಿದ್ದೂ ನಾನೇ."

ನಕ್ಕರು ಅಂತ ಅನುಮಾನ ಬಿಡುವ ಹಾಗಿಲ್ಲ. ಹೆದರಿದವರೂ ನಗುತ್ತಾರೆ. ಬೇಡ ಅಂದು ಆತ ನಿಲ್ಲಿಸಿದ ಸಂದರ್ಭ ಯಾವುದಾದರೂ ಇದೆಯಾ ಅಂತ ಕೇಳಿದೆ. ತಡವರಿಸದೆ ಒಂದನ್ನು ಹೇಳಿದರು. ಆಮೇಲೆ ಆತನನ್ನು ಒಬ್ಬರನ್ನೇ ಕರೆದು ಕೇಳಿದೆ. ಆತ ಹೇಳಿದ ಮಾತುಗಳು ಬೇರೆ, ವಿಷಯ ಅದೇ. ಜೊತೆಗೆ ಆಕೆ ಹೇಳದಿದ್ದ ಒಂದು ಮಾತು: "ನನಗೆ ಕೈ ನಡುಗ್ತಾ ಇತ್ತು ಡಾಕ್ಟ್ರೇ, ಆದ್ರೆ ಅವಳೇ ಏನೂ ಆಗ್ತಿಲ್ಲ ಅಂತಿದ್ಲು." ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿದ್ದು ಇದೆಲ್ಲ ಆದ ಮೇಲೆ.

ಆ ರಾತ್ರಿ ಆದದ್ದು

ಮಗ ಮತ್ತು ಅಜ್ಜಿ ಮದುವೆಗೆಂದು ಊರಿಗೆ ಹೋಗಿದ್ದರು. ಬಿಸಿ-ತಣ್ಣನೆಯ ಸ್ಪರ್ಶದ ಆಟದ ಬಗ್ಗೆ ಆಕೆ ಎಲ್ಲೋ ಓದಿದ್ದರು. ಫ್ರೀಜರಿನಿಂದ ಐಸ್ ತೆಗೆದು ತೊಡೆಯ ಮೇಲೆ ಒಂದೇ ಜಾಗದಲ್ಲಿ ಮರಗಟ್ಟುವ ತನಕ ಇಟ್ಟರು. ಆಮೇಲೆ ದೀಪಾವಳಿಗೆ ಯಾರೋ ಕೊಟ್ಟಿದ್ದ, ಗಾಜಿನ ಬಟ್ಟಲಿನ ಪರಿಮಳದ ಮೇಣದಬತ್ತಿ ಹಚ್ಚಿದರು. ಮೊದಲ ಹನಿಗಳು ಬಿದ್ದಾಗ ಆಕೆಗೆ ಏನೂ ಅನಿಸಲಿಲ್ಲ. ಇನ್ನೂ ಹತ್ತಿರದಿಂದ ಅಂದರು. ಆತ ಕೈ ತಗ್ಗಿಸಿದರು, ಬಟ್ಟಲು ಬಾಗಿತು, ಒಂದು ಚಮಚದಷ್ಟು ಮೇಣ ಒಮ್ಮೆಗೇ ಸುರಿಯಿತು. ಆಗಲೂ ಆಕೆಗೆ ಸ್ವಲ್ಪ ಬೆಚ್ಚಗೆ ಅನಿಸಿದ್ದು, ಅಷ್ಟೇ. ಉರಿ ಶುರುವಾದದ್ದು ಹತ್ತು ನಿಮಿಷ ಬಿಟ್ಟು. ಗಾಬರಿಯಲ್ಲಿ ಮೇಣ ಕಿತ್ತರು, ಜೊತೆಗೆ ಚರ್ಮವೂ ಕಿತ್ತಿತು. ಮೇಲೆ ಟೂತ್‌ಪೇಸ್ಟ್.

ಬೇಡ ಅನ್ನುವ ಸ್ವಾತಂತ್ರ್ಯ ಆಕೆಗೆ ಪೂರ್ತಿ ಇತ್ತು. ಆತ ಕೇಳಿ ಕೇಳಿಯೇ ಮುಂದುವರಿದರು. ಒಪ್ಪಿಗೆಯಲ್ಲಿ ಕೊರತೆ ಇರಲಿಲ್ಲ. ಸುಳ್ಳು ಹೇಳಿದ್ದು ಚರ್ಮ.

ಯಾಕೆ ಹೀಗಾಯಿತು

ಚರ್ಮದಲ್ಲಿ ಬಿಸಿಗೆ ಬೇರೆ ನರತುದಿ, ತಂಪಿಗೆ ಬೇರೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎಚ್ಚರಗೊಳ್ಳುವ ಟಿಆರ್‌ಪಿವಿ1 ಅನ್ನುವ ಪ್ರೋಟೀನ್ ಬಿಸಿಯನ್ನು ನೋವಾಗಿ ತಿಳಿಸುತ್ತದೆ. ಮೆಣಸಿನಕಾಯಿಯ ಖಾರವೂ ಇದನ್ನೇ ಕೆಣಕುತ್ತದೆ. ತಂಪಿಗೆ ಟಿಆರ್‌ಪಿಎಂ8 ಇದೆ, ಪುದೀನದ ಮೆಂಥಾಲ್ ಕೆಣಕುವುದು ಇದನ್ನು. ಸ್ಪರ್ಶ ಮತ್ತು ಉಷ್ಣತೆಯನ್ನು ಮೈ ಹೇಗೆ ಗುರುತಿಸುತ್ತದೆ ಅಂತ ಕಂಡುಹಿಡಿದದ್ದಕ್ಕೆ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಾಪೂಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಚರ್ಮ 10 ಡಿಗ್ರಿಯ ಆಸುಪಾಸಿಗೆ ಇಳಿದರೆ ನೋವು ಒಯ್ಯುವ ನರಗಳೇ ಮಂಕಾಗುತ್ತವೆ. ಉಳುಕಿದ ಕಾಲಿಗೆ ಐಸ್ ಇಡುವುದು ಇದೇ ಕಾರಣಕ್ಕೆ. ಐಸ್ ಇಟ್ಟ ಜಾಗ ಸುಡುವುದನ್ನು ಬಿಟ್ಟಿರುವುದಿಲ್ಲ, ಸುಟ್ಟಿದ್ದನ್ನು ಹೇಳುವುದನ್ನು ಬಿಟ್ಟಿರುತ್ತದೆ.

ಮೇಣದ ಲೆಕ್ಕ ಹೀಗೆ. ಪ್ಯಾರಾಫಿನ್ ಮೇಣ ಬೆರಕೆಗೆ ತಕ್ಕ ಹಾಗೆ 46ರಿಂದ 68 ಡಿಗ್ರಿಯೊಳಗೆ ಕರಗುತ್ತದೆ, ಸೋಯಾ ಮೇಣ 50ರ ಆಸುಪಾಸು, ಜೇನುಮೇಣ 62ರಿಂದ 64. ಇದು ಕರಗುವ ಬಿಂದು ಮಾತ್ರ. ಉರಿಯುವ ಬತ್ತಿಯ ಪಕ್ಕ ನಿಂತ ಮೇಣ ಇದಕ್ಕಿಂತ ಬಿಸಿ ಇರುತ್ತದೆ. ಕರೆಂಟ್ ಹೋದಾಗ ಹಚ್ಚುವ ಬಿಳಿ ಬತ್ತಿಯಲ್ಲಿ ಮೇಣ ಹನಿ ಹನಿಯಾಗಿ ಬೀಳುತ್ತದೆ, ಬೀಳುತ್ತಾ ಆರುತ್ತದೆ. ಗಾಜಿನ ಬಟ್ಟಲಿನಲ್ಲಿ ಅದು ಕೊಳವಾಗಿ ನಿಲ್ಲುತ್ತದೆ, ಬಾಗಿಸಿದರೆ ಒಟ್ಟಿಗೆ ಸುರಿಯುತ್ತದೆ. ಹನಿ ತಕ್ಷಣ ತಣ್ಣಗಾಗುತ್ತದೆ, ಚಮಚದಷ್ಟು ಮೇಣ ಆಗುವುದಿಲ್ಲ. ಉಷ್ಣತೆಯಷ್ಟೇ ಸಮಯವೂ ಮುಖ್ಯ. 1947ರಲ್ಲಿ ಸಂಶೋಧಕರಾದ ಮೊರಿಟ್ಜ್ ಮತ್ತು ಹೆನ್ರಿಕ್ಸ್ ತೋರಿಸಿದ ಲೆಕ್ಕ ಈಗಲೂ ಬಳಕೆಯಲ್ಲಿದೆ: 44 ಡಿಗ್ರಿಯಲ್ಲಿ ಚರ್ಮ ಸುಡಲು ಸುಮಾರು 6 ಗಂಟೆ ಬೇಕು, 60 ಡಿಗ್ರಿಯಲ್ಲಿ 5 ಸೆಕೆಂಡ್ ಸಾಕು.

ಟೂತ್‌ಪೇಸ್ಟ್ ವಿಚಾರ ಹೇಳಿ ಹೇಳಿ ಸಾಕಾಗಿದೆ, ಆದರೂ ಇನ್ನೊಮ್ಮೆ. ಇಂಕು, ಅರಿಶಿನ, ಕಾಫಿಪುಡಿ, ತುಪ್ಪ ಯಾವುದೂ ಬೇಡ, ಐಸೂ ಬೇಡ. ನಲ್ಲಿಯ ತಣ್ಣೀರು 20 ನಿಮಿಷ ಹರಿಯಬೇಕು. ಸುಟ್ಟು ಮೂರು ಗಂಟೆಯೊಳಗೆ ಯಾವಾಗ ಮಾಡಿದರೂ ಉಪಯೋಗ ಉಂಟು. ಮೇಣ ಅಂಟಿದ್ದರೆ ಅದರ ಮೇಲೇ ನೀರು ಬಿಡಬೇಕು, ಕೀಳಬಾರದು. ಉಂಗುರ, ಬಳೆ ಹತ್ತಿರದಲ್ಲಿದ್ದರೆ ಊದಿಕೊಳ್ಳುವ ಮೊದಲೇ ತೆಗೆಯಬೇಕು. ಗುಳ್ಳೆ ಒಡೆಯಬಾರದು. ಮುಖ, ಕೈ, ಪಾದ, ಗುಪ್ತಾಂಗ ಸುಟ್ಟರೆ ಅಥವಾ ಗಾಯ ಅಂಗೈಗಿಂತ ದೊಡ್ಡದಿದ್ದರೆ ನಾಚಿಕೆ ಬಿಟ್ಟು ಆಸ್ಪತ್ರೆಗೆ ಬನ್ನಿ. ಡಾಕ್ಟರುಗಳು ಇದಕ್ಕಿಂತ ವಿಚಿತ್ರ ಕಥೆಗಳನ್ನು ಕೇಳಿರುತ್ತಾರೆ.

ಚೀಟಿಯಲ್ಲಿ ಏನು ಬರೆಯುವುದು ಅಂತ ಆಕೆಗೆ ಚಿಂತೆ. ಮನೆಯಲ್ಲಿ ಫೈಲನ್ನು ಎಲ್ಲರೂ ನೋಡುತ್ತಾರೆ. "ಬಿಸಿ ಮೇಣ ಬಿದ್ದು ಆಕಸ್ಮಿಕ ಸುಟ್ಟಗಾಯ" ಅಂತ ಬರೆದೆ. ನಿಜವೂ ಹೌದು, ಮನೆಯವರಿಗೆ ಅಷ್ಟು ಸಾಕು.

ಏನು ಬದಲಾಯಿಸಿದರು

ಗಾಯ ಮಾಗುವ ತನಕ ಏನೂ ಬೇಡ ಅಂದೆ. ಇನ್ನು ಮುಂದೆಯೂ ಬೇಡ ಅಂತ ಹೇಳುತ್ತೇನೆ ಅಂತ ಆತ ಕಾಯುತ್ತಿದ್ದರು ಅನಿಸುತ್ತದೆ. ನಾನು ಹಾಗೆ ಹೇಳಲಿಲ್ಲ. ಹೇಳಿದ್ದರೆ ಆಕೆ ಮಾಡುವುದನ್ನು ಬಿಡುತ್ತಿರಲಿಲ್ಲ, ನನಗೆ ಹೇಳುವುದನ್ನು ಬಿಡುತ್ತಿದ್ದರು. ವಯಸ್ಕರಿಬ್ಬರು ಇಷ್ಟಪಟ್ಟು ಆಡುವ ಆಟದಲ್ಲಿ ಡಾಕ್ಟರ್ ಕೆಲಸ ಅಪಾಯ ಎಲ್ಲಿದೆ ಅಂತ ತೋರಿಸುವುದು.

ಕ್ರಮ ತಿರುಗಿಸಿದೆವು. ಬಿಸಿ ಮೊದಲು, ತಂಪು ಆಮೇಲೆ. ಐಸ್ ಇಟ್ಟ ಜಾಗಕ್ಕೆ ಅವತ್ತು ಮತ್ತೆ ಬಿಸಿ ಇಲ್ಲ. ಫ್ರೀಜರಿನ ಐಸ್ ಮೈನಸ್ 18 ಡಿಗ್ರಿ ಇರುತ್ತದೆ, ಒದ್ದೆ ಚರ್ಮಕ್ಕೆ ಹಾಗೇ ಅಂಟಿಕೊಳ್ಳುತ್ತದೆ. ನೀರಿನಲ್ಲಿ ಅದ್ದಿ, ಹೊಳಪು ಬಂದು ಜಾರುವ ಹಾಗಾದ ಮೇಲೆ ಬಳಸಬೇಕು, ಓಡಿಸುತ್ತಲೇ ಇರಬೇಕು, ಒಂದೇ ಕಡೆ ನಿಲ್ಲಿಸಬಾರದು. ಫ್ರೀಜರಿನಲ್ಲಿಟ್ಟ ಚಮಚದಂಥ ಲೋಹ ಬೇಡವೇ ಬೇಡ. ದೇಹದ ಒಳಭಾಗಕ್ಕೆ ಐಸೂ ಇಲ್ಲ, ಬಿಸಿಯೂ ಇಲ್ಲ.

ಇನ್ನೊಂದು ನಿಯಮವನ್ನು ಎಳೆಮಗುವಿನ ಸ್ನಾನದಿಂದ ತೆಗೆದುಕೊಂಡೆವು. ಬಾಣಂತಿ ಮನೆಯಲ್ಲಿ ಅಜ್ಜಿ ಬಿಸಿನೀರಿಗೆ ಮೊದಲು ಮೊಣಕೈ ಅದ್ದುತ್ತಾಳೆ, ಮಗುವನ್ನು ಕೇಳುವುದಿಲ್ಲ. ಇಲ್ಲೂ ಹಾಗೆ: ಹಾಕುವವರು ಮೊದಲು ತಮ್ಮ ಮುಂಗೈ ಒಳಭಾಗದ ಮೇಲೆ ಹಾಕಿಕೊಳ್ಳಬೇಕು, ಪ್ರತಿ ಸಲವೂ. ಇಬ್ಬರ ಚರ್ಮವೂ ಸರಿ ಅಂದರೆ ಮಾತ್ರ ಮುಂದೆ.

ನಿಲ್ಲಿಸುವ ಸನ್ನೆಗೆ ಸಿಗ್ನಲ್ ಬಣ್ಣ ಇಟ್ಟುಕೊಳ್ಳಿ ಅಂದೆ. ಹಸಿರು ಅಂದರೆ ಸರಿ, ಹಳದಿ ಅಂದರೆ ನಿಧಾನ, ಕೆಂಪು ಅಂದರೆ ನಿಲ್ಲಿಸು. ಆತ ತಕ್ಷಣ, "ಬೆಂಗಳೂರಲ್ಲಿ ಹಳದಿ ಬಿತ್ತು ಅಂದ್ರೆ ಜೋರಾಗಿ ಓಡಿಸೋದು ಡಾಕ್ಟ್ರೇ" ಅಂದರು. ಆಕೆ ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಹಳದಿಗೂ ಕೈ ಪೂರ್ತಿ ಎತ್ತಬೇಕು ಅಂತ ಆಕೆಯೇ ತೀರ್ಮಾನ ಮಾಡಿದರು. ಈ ಷರತ್ತು ಆಮೇಲೆ ಕೆಲಸಕ್ಕೆ ಬಂತು. ಬಾಯಿ ಬರದಿದ್ದರೆ ಎರಡು ಸಲ ತಟ್ಟುವುದು, ಅದೂ ಕೆಂಪೇ.

ಬೆಂಕಿಯ ವಿಷಯ ಇಬ್ಬರಿಗೂ ಹೊಳೆದೇ ಇರಲಿಲ್ಲ. ಮೇಲೆ ಫ್ಯಾನ್ ತಿರುಗುತ್ತಿತ್ತು, ಆಕೆಯದು ಪಾಲಿಸ್ಟರ್ ನೈಟಿ, ಪಕ್ಕದಲ್ಲಿ ಸೊಳ್ಳೆಪರದೆ. ಫ್ಯಾನ್ ಆರಿಸಿ, ಪರದೆ ಸರಿಸಿ, ಕೂದಲು ಮೇಲೆ ಕಟ್ಟಿ, ಹತ್ತಿರ ಒಂದು ಬಕೆಟ್ ನೀರು ಇಟ್ಟುಕೊಳ್ಳಿ ಅಂದೆ. ಸ್ಯಾನಿಟೈಸರ್, ಸೆಂಟ್ ಹಾಕಿದ ಮೈ ಹತ್ತಿರ ಉರಿಯುವ ಬತ್ತಿ ತರಬಾರದು. ಆವತ್ತು ಕುಡಿತವೂ ಬೇಡ.

ತಲೆನೋವಿನ ಬಾಮ್ ಬಳಸಬಹುದಾ ಅಂತ ಆಕೆ ಕೇಳಿದರು. ಬಹಳ ಜನ ಕೇಳುತ್ತಾರೆ. ಬಾಮ್ ಚರ್ಮವನ್ನು ತಣ್ಣಗೆ ಮಾಡುವುದಿಲ್ಲ, ತಣ್ಣಗಾಯಿತು ಅಂತ ನರಕ್ಕೆ ಹೇಳುತ್ತದೆ ಅಷ್ಟೇ. ಐಸ್ ಆದರೆ ಎತ್ತಿ ಪಕ್ಕಕ್ಕಿಡಬಹುದು, ಹಚ್ಚಿದ ಬಾಮ್ ಎತ್ತಿಡಲು ಬರುವುದಿಲ್ಲ. ಸೂಕ್ಷ್ಮ ಜಾಗಕ್ಕೆ ತಗುಲಿದರೆ ಬರೀ ನೀರಿಗೆ ಹೋಗುವುದಿಲ್ಲ, ಎಣ್ಣೆಯಲ್ಲಿ ಒರೆಸಿ ಸೋಪು ಹಾಕಬೇಕು. ಹಸಿಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಯಾರನ್ನೂ ಮುಟ್ಟಬಾರದು ಅನ್ನುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಮೇಣದ ಬದಲು ಶುರುವಿಗೆ ನಾನು ಹೇಳಿದ್ದು ಬರೀ ಚಮಚ ಮತ್ತು ಎರಡು ಲೋಟ ನೀರು. ಒಂದರಲ್ಲಿ ಉಗುರುಬೆಚ್ಚಗಿಂತ ಒಂಚೂರು ಮೇಲೆ, ಸುಮಾರು 40 ಡಿಗ್ರಿ. ಇನ್ನೊಂದರಲ್ಲಿ 20, ಅಂದರೆ ಮಡಕೆ ನೀರಿನಷ್ಟು. ಸ್ವೀಡನ್ನಿನ ವಿಜ್ಞಾನಿ ಥುನ್‌ಬರ್ಗ್ 1896ರಲ್ಲಿ ವಿವರಿಸಿದ ಒಂದು ಚಮತ್ಕಾರ ಇದೆ: ಬೆಚ್ಚಗಿನ ಮತ್ತು ತಂಪಗಿನ ಪಟ್ಟಿಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಚರ್ಮಕ್ಕೆ ತಾಗಿಸಿದರೆ ಸುಡುವ ಹಾಗೆ ಅನಿಸುತ್ತದೆ. ಎರಡರಲ್ಲಿ ಯಾವುದೂ ಸುಡುವಂಥದ್ದಲ್ಲ. ಎಲ್ಲರಿಗೂ ಒಂದೇ ತರ ಅನಿಸುವುದಿಲ್ಲ. ಆಕೆಗೆ ಅನಿಸಿತು, ತುಂಬ ಹಿಡಿಸಿತು. ಮೇಣ ಹುಡುಕಿಕೊಂಡು ಹೋಗುವ ಅಗತ್ಯವೇ ಇರಲಿಲ್ಲವಲ್ಲ ಅಂತ ಆತ ಗೊಣಗಿದರಂತೆ.

ಎರಡನೆಯ ತಿರುವು

ಕೆಲವು ವಾರದ ನಂತರ ಆಕೆ ಫೋನ್ ಮಾಡಿದರು. ಈ ಸಲ ಗಾಯ ಆಗಿರಲಿಲ್ಲ.

ಪಾತ್ರ ಅದಲುಬದಲು ಮಾಡಿಕೊಂಡಿದ್ದರು. ಆತ ಬೋರಲು ಮಲಗಿದ್ದರು. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಆಕೆ ಬೆನ್ನ ಮೇಲೆ ಹಾಕಿದರು, ಹಸಿರು. ಮೀನಖಂಡದ ಮೇಲೆ, ಹಸಿರು. ಅಂಗಾಲಿಗೆ ಇಟ್ಟಾಗ ಆತ, "ಇದು ಉಗುರುಬೆಚ್ಚಗೂ ಇಲ್ಲ ಕಣೇ, ಇನ್ನೂ ಬಿಸಿ ಮಾಡು" ಅಂದರು. ಆಕೆ ಹೊಸ ನೀರು ತಂದು ಟವೆಲ್ ಅದ್ದಿ, ನಿಯಮದ ಪ್ರಕಾರ ಮೊದಲು ತಮ್ಮ ಮುಂಗೈಗೆ ತಾಗಿಸಿದರು. ಇಟ್ಟುಕೊಳ್ಳಲಾಗಲಿಲ್ಲ.

"ರೀ, ನನ್ನ ಕೈ ಸುಡ್ತಿದೆ."

"ನಂಗೆ ಆಗುತ್ತೆ, ಹಾಕು. ಹಸಿರು."

ಆಕೆ ಹಾಕಲಿಲ್ಲ. ಹಳದಿ ಅಂತ ತಾವೇ ಹೇಳಿ ಟವೆಲನ್ನು ಬಕೆಟ್ಟಿಗೆ ಹಾಕಿದರು. ಹಳದಿ ಹೇಳುವ ಹಕ್ಕು ಮಲಗಿದವರಿಗೆ ಮಾತ್ರ ಅಂತ ಸಾಮಾನ್ಯವಾಗಿ ತಿಳಿದಿರುತ್ತಾರೆ. ಇವರೂ ಅಲ್ಲಿಯವರೆಗೆ ಹಾಗೇ ತಿಳಿದಿದ್ದರು. ಆತನಿಗೆ ಸ್ವಲ್ಪ ಸಿಟ್ಟೂ ಬಂತಂತೆ, ನಾನು ಬೇಕು ಅಂದರೂ ಯಾಕೆ ಇಲ್ಲ ಅಂತ. ಮೊದಲ ರಾತ್ರಿ ಇದೇ ಜಾಗದಲ್ಲಿ ಆತ ಇದ್ದರು: ಕೈ ನಡುಗುತ್ತಿತ್ತು, ಆದರೆ ಎದುರಿನವರು ಬೇಕು ಅನ್ನುತ್ತಿದ್ದರು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಸ್ಥಿತಿ. ಆಗ ಆತ ಸುರಿದರು, ಈಗ ಆಕೆ ಸುರಿಯಲಿಲ್ಲ. ಇಡೀ ಪ್ರಕರಣದಲ್ಲಿ ಇದಕ್ಕಿಂತ ಮುಖ್ಯವಾದ ತೀರ್ಮಾನ ನನಗೆ ಕಾಣುವುದಿಲ್ಲ.

ಮರುದಿನವೇ ಆತನನ್ನು ಕರೆಸಿದೆ. ಕಣ್ಣು ಮುಚ್ಚಿಸಿ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿನ ಬೇರೆ ಬೇರೆ ಕಡೆ ತಾಗಿಸಿದೆ. ತಾಗಿದಾಗ ಹೇಳಿ ಅಂದಿದ್ದೆ. ಹೆಬ್ಬೆರಳ ಕೆಳಗೆ ತಾಗಿಸಿದಾಗ ಆತ ಸುಮ್ಮನೆ ಕಾಯುತ್ತಿದ್ದರು. "ಶುರು ಮಾಡಿ ಡಾಕ್ಟ್ರೇ" ಅಂದರು. ಆಗಲೇ ಮೂರು ಕಡೆ ಮುಟ್ಟಿ ಆಗಿತ್ತು. 128 ಹರ್ಟ್ಸ್‌ನ ಶ್ರುತಿಕವೆಯ (ಟ್ಯೂನಿಂಗ್ ಫೋರ್ಕ್) ಕಂಪನವೂ ಹೆಬ್ಬೆರಳಿಗೆ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಶುಗರಿನಿಂದ ಪಾದದ ನರ ಹಾಳಾಗಿತ್ತು. ಹಿಮ್ಮಡಿ ಪಕ್ಕ ಒಂದು ಹಳೆಯ ಬಿರುಕು ಸೋಂಕಿನ ಅಂಚಿನಲ್ಲಿತ್ತು. ಅದೂ ಅವರಿಗೆ ಗೊತ್ತಿರಲಿಲ್ಲ.

ಮಧುಮೇಹ ಇದ್ದವರು ಪಾದಕ್ಕೆ ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ಮಲಗಿ ಸುಟ್ಟುಕೊಳ್ಳುವುದು ನಮ್ಮ ಕ್ಲಿನಿಕ್ಕುಗಳಲ್ಲಿ ಹೊಸದೇನಲ್ಲ. ಹಾಗಾಗಿ ಇಂಥ ಆಟ ಬೇಕು ಅನ್ನುವವರನ್ನು ನಾನು ಮೊದಲು ಕೇಳುವುದು ಕಾಯಿಲೆಗಳ ಬಗ್ಗೆ. ಶುಗರ್ ಎಷ್ಟು ವರ್ಷದಿಂದ, ಚಳಿಗೆ ಬೆರಳು ಬಿಳಚಿಕೊಳ್ಳುತ್ತದಾ, ತಣ್ಣೀರು ತಾಗಿದರೆ ದದ್ದು ಏಳುತ್ತದಾ, ಹೃದಯದ ತೊಂದರೆ, ಬಸುರು, ವ್ಯಾಕ್ಸಿಂಗ್ ಮಾಡಿಸಿ ಎಷ್ಟು ದಿನ ಆಯಿತು. ಈ ದಂಪತಿ ಮೊದಲ ದಿನ ಬಂದದ್ದು ಆಕೆಯ ಗಾಯಕ್ಕೆ, ಆತನ ಶುಗರ್ ಯಾರ ತಲೆಯಲ್ಲೂ ಇರಲಿಲ್ಲ. ಆಟದಲ್ಲಿ ಪಾತ್ರ ಬದಲಾಗಬಹುದು. ಆದ್ದರಿಂದ ಪ್ರಶ್ನೆ ಇಬ್ಬರಿಗೂ ಕೇಳಬೇಕು.

ಈಗ

ಆತನನ್ನು ಮಧುಮೇಹ ತಜ್ಞರಿಗೆ ಕಳಿಸಿದೆ. ಬಿರುಕು ಮಾಗಿದೆ, ಮನೆಯೊಳಗೂ ಚಪ್ಪಲಿ ಹಾಕುತ್ತಾರೆ. ದಿನಾ ರಾತ್ರಿ ಆಕೆ ಅಂಗಾಲು ನೋಡುತ್ತಾರೆ. ಮೊಣಕಾಲಿನ ಕೆಳಗೆ ಬಿಸಿಯೂ ಇಲ್ಲ, ಐಸೂ ಇಲ್ಲ ಅಂತ ಮಾಡಿಕೊಂಡಿದ್ದಾರೆ. ಬೆನ್ನು ಮತ್ತು ತೋಳಿಗೆ ತಂಪು ಮಾತ್ರ ಅವರಿಗೆ ಇಷ್ಟ.

ಆಕೆ ಮೇಣಕ್ಕೆ ಮರಳಿದ್ದಾರೆ. ಬಣ್ಣ, ಪರಿಮಳ ಇಲ್ಲದ, ಕಡಿಮೆ ಬಿಸಿಗೆ ಕರಗುವ ಸೋಯಾ ಬತ್ತಿ. ಮೊದಲು ಚರ್ಮಕ್ಕೆ ತೆಳುವಾಗಿ ಕೊಬ್ಬರಿ ಎಣ್ಣೆ, ಆಮೇಲೆ ಒಂದೂವರೆ ಎರಡು ಅಡಿ ಮೇಲಿನಿಂದ ಒಂದೊಂದೇ ಹನಿ. ಒಂದು ಹನಿ ಬಿದ್ದು ಬಿಳಿಯಾಗುವ ತನಕ ಅದೇ ಜಾಗಕ್ಕೆ ಇನ್ನೊಂದು ಇಲ್ಲ. ಮುಖ, ಎದೆಯ ತುದಿ, ಗುಪ್ತಾಂಗ, ಮೊದಲು ಸುಟ್ಟ ಜಾಗ ಪೂರ್ತಿ ಬಿಟ್ಟಿದ್ದಾರೆ. ತೊಡೆಯ ಮೇಲಿನ ಕಲೆ ಕಂದಾಗಿ ಉಳಿದಿದೆ. ಹೋಗಲು ಇನ್ನೂ ತಿಂಗಳುಗಳು ಬೇಕು, ಪೂರ್ತಿ ಹೋಗದೆಯೂ ಇರಬಹುದು ಅಂತ ಹೇಳಿದ್ದೇನೆ.

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡಬೇಕು ಅಂತ ಆಕೆಗೆ ಆಸೆ. ಬೀಳುವುದು ಐಸ್ ನೀರಾ ಮೇಣವಾ ಅಂತ ಗೊತ್ತಾಗಬಾರದು ಅನ್ನುತ್ತಾರೆ. ಆತನಿಗೆ ಬೇಡ. ಕಣ್ಣು ಕಾಣದಿದ್ದರೆ ಆಕೆಯ ಮುಖ ನೋಡಿ ತಿಳಿಯುವುದು ಕಷ್ಟ ಅನ್ನುತ್ತಾರೆ. ಹೋದ ಸಲ ಬಂದಾಗ ನನ್ನ ಮುಂದೆಯೇ ಇಬ್ಬರೂ ಇದರ ಬಗ್ಗೆ ಒಂದು ಸುತ್ತು ಜಗಳವಾಡಿದರು. ಸದ್ಯಕ್ಕೆ ಬೇಡ ಅಂದವರ ಮಾತು ನಡೆಯುತ್ತಿದೆ.